ಚಕ್ರವರ್ತಿಯ ಕೊನೆಯ ಅಪ್ಪಣೆ

ಚಿನ್ ರಾಜವಂಶದ ಬಗ್ಗೆ ನೂರು ಪುಟದ ಪುಸ್ತಕ ಬರೆದುಕೊಡಿ ಎಂದು ಬಸವನಗುಡಿಯ ಪ್ರಕಾಶಕರೊಬ್ಬರು ಕೇಳಿದಾಗ ನಾನು ಒಪ್ಪಿದ್ದು ಚೀನಾದ ಮೇಲಿನ ಪ್ರೀತಿಯಿಂದೇನಲ್ಲ. ನಿವೃತ್ತಿಯಾದ ಮೇಲೆ ಹೊತ್ತು ಹೋಗುತ್ತಿರಲಿಲ್ಲ, ಅಷ್ಟೇ. ಮೂವತ್ತು ವರ್ಷ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದವಳು ನಾನು. ಪ್ರಾಚೀನ ಚೀನಾ ಎಂಬುದು ಸಿಲಬಸ್ಸಿನ ಕೊನೆಯಲ್ಲಿ, ಪರೀಕ್ಷೆಗೆ ಎಂದೂ ಬಾರದ ಜಾಗದಲ್ಲಿ ಇರುತ್ತಿತ್ತು. ಹಾಗಾಗಿ ಅದನ್ನು ವಿದ್ಯಾರ್ಥಿಗಳೂ ಓದಿರಲಿಲ್ಲ, ನಾನೂ ಓದಿರಲಿಲ್ಲ.

ಬರೆಯಲು ಕೂತ ಮೇಲೆ ಆ ಕಥೆ ನನ್ನನ್ನು ಹಿಡಿದುಕೊಂಡಿತು. ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ ಅಲ್ಲಿ ಒಂದು ದೇಶವೆಂಬುದೇ ಇರಲಿಲ್ಲ. ಏಳು ದೊಡ್ಡ ರಾಜ್ಯಗಳಿದ್ದವು, ಒಂದರ ಮೇಲೊಂದು ಬಿದ್ದು ಕಾದಾಡುತ್ತಿದ್ದವು. ಪಶ್ಚಿಮದ ಮೂಲೆಯಲ್ಲಿದ್ದ ಚಿನ್ ರಾಜ್ಯವನ್ನು ಉಳಿದವರು ಒರಟರ ನಾಡೆಂದು ಹೀಗಳೆಯುತ್ತಿದ್ದರು. ಆ ಒರಟರು ಕಾನೂನನ್ನು ಬಿಗಿ ಮಾಡಿದರು, ರೈತನನ್ನೂ ಸೈನಿಕನನ್ನೂ ಒಂದೇ ನೊಗಕ್ಕೆ ಹೂಡಿದರು. ಹದಿಮೂರನೆಯ ವಯಸ್ಸಿಗೆ ಪಟ್ಟಕ್ಕೆ ಬಂದ ಅವರ ಒಬ್ಬ ರಾಜ, ದೊಡ್ಡವನಾದ ಮೇಲೆ ಸುಮಾರು ಹತ್ತು ವರ್ಷದಲ್ಲಿ ಆರು ರಾಜ್ಯಗಳನ್ನೂ ನುಂಗಿ ನೀರು ಕುಡಿದ. ತನ್ನನ್ನು ಮೊದಲನೆಯ ಚಕ್ರವರ್ತಿ ಎಂದು ಕರೆದುಕೊಂಡ. ತನ್ನ ನಂತರ ಬರುವವನು ಎರಡನೆಯವನು, ಆಮೇಲೆ ಮೂರನೆಯವನು, ಹೀಗೆ ಹತ್ತು ಸಾವಿರದವರೆಗೆ ಎಣಿಕೆ ನಡೆಯಲಿ ಎಂದು ಸಾರಿದ. ಎಣಿಕೆ ಎರಡಕ್ಕೇ ನಿಂತಿತು.

ಈ ಪುಸ್ತಕದ ಮೊದಲ ಓದುಗ ನನ್ನ ಅಣ್ಣ. ಯಡಿಯೂರು ಕೆರೆಯ ಹಿಂದಿನ ರಸ್ತೆಯಲ್ಲಿ ನಮ್ಮ ಮನೆ. ನಾನು ಕೆಳಗೆ, ಅವನು ಮಹಡಿಯಲ್ಲಿ. ನನ್ನ ಯಜಮಾನರು ಹೋದ ಮೇಲೆ ನಾನು ಒಂಟಿ, ಅವನು ಹುಟ್ಟಿದಾಗಿನಿಂದಲೇ ಒಂಟಿ ಎನ್ನುವ ಹಾಗಿದ್ದವನು. ಮದುವೆಯಾಗಲಿಲ್ಲ. ಅಪ್ಪ ತೀರಿಕೊಂಡಾಗ ಅವನಿಗೆ ಇಪ್ಪತ್ತೊಂದು, ನನಗೆ ಹನ್ನೊಂದು, ತಮ್ಮನಿಗೆ ಆರು. ಅಳತೆ ಮತ್ತು ತೂಕದ ಇಲಾಖೆಯಲ್ಲಿ ಕೆಲಸ ಸಿಕ್ಕಿತು, ನಮ್ಮಿಬ್ಬರನ್ನೂ ಓದಿಸಿದ, ಮದುವೆ ಮಾಡಿಸಿದ. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ನೋಡುವುದು, ತೂಕದ ಬಟ್ಟಿಗೆ ಮುದ್ರೆ ಒತ್ತುವುದು ಅವನ ಉದ್ಯೋಗ. ನಿವೃತ್ತನಾಗಿ ಹದಿನೈದು ವರ್ಷವಾದರೂ ಜಯನಗರ ನಾಲ್ಕನೇ ಬ್ಲಾಕಿನ ಮಾರ್ಕೆಟ್ಟಿನಲ್ಲಿ ಅವನು ಬಂದರೆ ತರಕಾರಿಯವರು ತಕ್ಕಡಿಯ ತಟ್ಟೆಯನ್ನು ಒಮ್ಮೆ ಒರೆಸಿ ಇಡುತ್ತಿದ್ದರು.

ಮನೆಯಲ್ಲೂ ಅವನದು ಅದೇ ಕಾರುಬಾರು. ಕಾಫಿಪುಡಿಗೆ ಇದೇ ಚಮಚ, ಅನ್ನಕ್ಕೆ ಇದೇ ಪಾವು, ಚಪ್ಪಲಿ ಬಿಡುವುದು ಈ ಗೆರೆಯಲ್ಲಿ. ನನ್ನ ತಮ್ಮ ಕಾಲೇಜಿಗೆ ಹೋಗುವವರೆಗೂ ತಲೆಗೂದಲು ಎಷ್ಟುದ್ದ ಇರಬೇಕೆಂದು ಅಣ್ಣನೇ ಹೇಳುತ್ತಿದ್ದ. ನಾವು ಅವನಿಗೆ ಹೆದರುತ್ತಿದ್ದೆವು, ಬೆನ್ನ ಹಿಂದೆ ನಗುತ್ತಿದ್ದೆವು, ಅವನಿಲ್ಲದಿದ್ದರೆ ಬೀದಿಪಾಲಾಗುತ್ತಿದ್ದೆವು ಎಂಬುದೂ ನಮಗೆ ಗೊತ್ತಿತ್ತು.

ಚಿನ್ ಚಕ್ರವರ್ತಿಯ ಮಹಾಗೋಡೆಯಾಗಲಿ, ಗೋರಿಯಲ್ಲಿ ಹೂಳಿಸಿದ ಮಣ್ಣಿನ ಸೈನ್ಯವಾಗಲಿ ಅವನಿಗೆ ಬೇಕಿರಲಿಲ್ಲ. ಅವನು ಕುಣಿದಾಡಿದ್ದು ತೂಕದ ಪುಟಗಳಲ್ಲಿ. ಆರು ರಾಜ್ಯದ ಆರು ಬಗೆಯ ಸೇರು, ಮೊಳ, ತೂಕಗಳನ್ನು ತೆಗೆದುಹಾಕಿ ಇಡೀ ನಾಡಿಗೆ ಒಂದೇ ಅಳತೆ ತಂದಿದ್ದರು. ಬರೆಯುವ ಲಿಪಿ ಒಂದು, ಗಾಡಿಯ ಅಚ್ಚಿನ ಅಗಲ ಒಂದು. ತೂಕದ ಗುಂಡುಗಳ ಮೇಲೆ ಚಕ್ರವರ್ತಿಯ ಅಪ್ಪಣೆಯನ್ನೇ ಕೆತ್ತಿಸಿದ್ದರು.

‘ನೋಡು, ಇದು ಕೆಲ್ಸ ಅಂದ್ರೆ,’ ಎಂದ ಅಣ್ಣ. ‘ಗುಂಡಿನ ಮೇಲೇ ಆರ್ಡರು! ನಮ್ಮೋರು ಒಂದು ಸೀಲು ಹೊಡ್ಯಕ್ಕೆ ಮೂರು ಸಲ ಅಲೆಸ್ತಿದ್ರು. ಈ ಸಾಮ್ರಾಜ್ಯ ಎಷ್ಟು ವರ್ಷ ಬಾಳ್ತು?’

‘ಹದಿನೈದು.’

‘ಹದಿನೈದು ನೂರಾ?’

‘ಬರೀ ಹದಿನೈದು.’

ಅವನು ಕನ್ನಡಕ ತೆಗೆದು ನನ್ನ ಮುಖ ನೋಡಿದ. ‘ನನ್ನ ಸರ್ವೀಸೇ ಅದರ ಎರಡರಷ್ಟಾಯ್ತಲ್ಲೇ,’ ಎಂದ. ನನಗೆ ನಗು ಬಂತು, ಅವನು ನಗಲಿಲ್ಲ. ಅಷ್ಟು ಶಿಸ್ತಾಗಿ ಕಟ್ಟಿದ್ದು ಯಾಕೆ ಬಿತ್ತು ಎಂದು ಎರಡು ದಿನ ನನ್ನ ಪ್ರಾಣ ತಿಂದ. ಶಿಸ್ತು ಹೆಚ್ಚಾಗಿಯೇ ಬಿತ್ತು ಎಂದರೆ ಒಪ್ಪುವ ಜಾಯಮಾನ ಅವನದಲ್ಲ. ಮಳೆಯಲ್ಲಿ ದಾರಿ ಕೊಚ್ಚಿಹೋಗಿ ಗಡಿಕಾವಲಿಗೆ ಒತ್ತಾಯದಿಂದ ಹೊರಡಿಸಿದ್ದ ಕೆಲವು ರೈತರು ಹೇಳಿದ ದಿನಕ್ಕೆ ತಲುಪಲಾಗಲಿಲ್ಲ, ತಡವಾದರೆ ತಲೆದಂಡ ಎಂಬ ಕಾನೂನಿತ್ತು, ಹೇಗೂ ಸಾಯುವುದೇ ಎಂದು ಅವರು ದಂಗೆಯೆದ್ದರು ಎಂದು ಓದಿ ಹೇಳಿದೆ. ‘ತಡ ಆದ್ರೆ ಫೈನ್ ಹಾಕ್ಬೇಕು, ತಲೆ ಯಾಕೆ ತೆಗೀಬೇಕು?’ ಎಂದು ಗೊಣಗುತ್ತಾ ಮಹಡಿ ಹತ್ತಿದ.

ಆ ಹೊತ್ತಿಗೆ ನನ್ನ ತಮ್ಮನ ಮಗಳ ಮದುವೆ ಗೊತ್ತಾಗಿತ್ತು. ತಮ್ಮನ ಮನೆ ಕತ್ರಿಗುಪ್ಪೆಯಲ್ಲಿ, ನಮ್ಮಿಂದ ಆಟೋದಲ್ಲಿ ಹತ್ತು ನಿಮಿಷ. ಹುಡುಗಿಗೆ ಮೂವತ್ತಮೂರು. ಮೊದಲೊಂದು ಸಂಬಂಧ ನಿಶ್ಚಿತಾರ್ಥದವರೆಗೆ ಬಂದು ಮುರಿದಿತ್ತು. ಆಮೇಲೆ ಎರಡು ವರ್ಷ ಅವಳು ಯಾರ ಮನೆಯ ಶುಭಕಾರ್ಯಕ್ಕೂ ಬರಲಿಲ್ಲ, ಆಫೀಸಿನಿಂದ ಬಂದು ಕೋಣೆ ಸೇರಿದರೆ ಊಟಕ್ಕೂ ಕರೆಯಬೇಕಾಗುತ್ತಿತ್ತು. ಈಗಿನ ಹುಡುಗ ಬಾಗಲಕೋಟೆ ಕಡೆಯವನು, ಬಿಟಿಎಂನಲ್ಲಿ ಬಾಡಿಗೆಗಿದ್ದು ಕೆಲಸ ಮಾಡುವವನು. ಇಬ್ಬರೂ ತಾವೇ ನೋಡಿ ಒಪ್ಪಿಕೊಂಡಿದ್ದರು. ಹುಡುಗನ ಅಜ್ಜಿ ಹಾಸಿಗೆ ಹಿಡಿದಿದ್ದರು, ಕಣ್ಣಿರುವಾಗಲೇ ಆಗಲಿ ಎಂದು ಅವರ ಹಟ. ಆಷಾಢಕ್ಕೆ ಮುಂಚಿನ ಕೊನೆಯ ಮುಹೂರ್ತ ಶುಕ್ರವಾರ ಬೆಳಿಗ್ಗೆಯದು. ಕನಕಪುರ ರಸ್ತೆಯಲ್ಲಿ ಜರಗನಹಳ್ಳಿ ದಾಟಿದ ಮೇಲೆ ಒಂದು ಛತ್ರ ಸಿಕ್ಕಿತು.

ಅಣ್ಣ ಮದುವೆಗೆ ಒಂದು ಪುಟದ ನಿಯಮಾವಳಿ ಬರೆದ. ರಿಸೆಪ್ಷನ್ ಬೇಡ, ಬಣ್ಣದ ದೀಪ ಬೇಡ, ಹಾಡು ಕುಣಿತ ಬೇಡ, ಹನ್ನೊಂದೂವರೆಗೆ ಮೊದಲ ಪಂಕ್ತಿ ಕೂರಬೇಕು. ಅದನ್ನು ತಮ್ಮನ ಕೈಗೆ ಕೊಟ್ಟ. ಐವತ್ತೆಂಟು ವರ್ಷದಲ್ಲಿ ಮೊದಲ ಸಲ ನನ್ನ ತಮ್ಮ ತಿರುಗಿ ಮಾತಾಡಿದ.

‘ಇದು ನನ್ನ ಮಗಳ ಮದುವೆ ಅಣ್ಣ. ನಿನ್ನ ಇಲಾಖೆ ಅಲ್ಲ.’

ಅಣ್ಣ ಕಾಗದ ವಾಪಸು ತೆಗೆದುಕೊಂಡು ಮಡಿಸಿ ಜೇಬಿಗಿಟ್ಟ. ಒಂದು ತಿಂಗಳು ಇವನು ಅಲ್ಲಿಗೆ ಹೋಗಲಿಲ್ಲ, ಅವನು ಇಲ್ಲಿಗೆ ಬರಲಿಲ್ಲ. ಇಬ್ಬರೂ ನನ್ನನ್ನು ಕೇಳುತ್ತಿದ್ದರು, ಅವನು ಹೇಗಿದ್ದಾನೆ ಎಂದು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರೆಂದು ನಾನೂ ಸುಮ್ಮನಿದ್ದೆ. ಮದುವೆಯ ದಿನ ಎಲ್ಲಾ ತಾನಾಗಿ ಸರಿಹೋಗುತ್ತದೆ ಎಂದುಕೊಂಡಿದ್ದೆ.

ಆ ತಿಂಗಳು ನಾನು ಬರೆಯುತ್ತಿದ್ದುದು ಚಕ್ರವರ್ತಿಯ ಹಿರಿಯ ಮಗನ ಪ್ರಕರಣ. ಅಪ್ಪನ ಕಠಿಣ ಶಿಕ್ಷೆಗಳನ್ನು ಕಂಡು ಅವನು, ಹೀಗೆ ಮಾಡಿದರೆ ಜನ ನೆಮ್ಮದಿಯಾಗಿರುವುದಿಲ್ಲ ಎಂದ. ಅಪ್ಪ ಸಿಟ್ಟಾಗಿ ಅವನನ್ನು ಉತ್ತರದ ಗಡಿಗೆ, ಗೋಡೆ ಕಟ್ಟಿಸುತ್ತಿದ್ದ ಸೇನಾಪತಿಯ ಬಳಿಗೆ ಕಳಿಸಿಬಿಟ್ಟ. ಆ ಪುಟವನ್ನು ಅಣ್ಣ ಎರಡು ಸಲ ಓದಿದ. ಆಮೇಲೆ, ‘ಮಗನ್ನ ದೂರ ಕಳಿಸ್ಬಾರ್ದಿತ್ತು’ ಎಂದ. ಅಷ್ಟು ಹೇಳಿ ಕೆರೆಯ ಕಡೆ ವಾಕಿಂಗಿಗೆ ಹೋದ. ಅಂದೇ ತಮ್ಮನಿಗೆ ಫೋನು ಮಾಡಿ ಈ ಮಾತು ಹೇಳಬೇಕಿತ್ತು. ಹೇಳಲಿಲ್ಲ. ಒಳ್ಳೆಯ ಮಾತನ್ನು ನಾಳೆಗೆ ಇಡುವ ಕೆಟ್ಟ ಬುದ್ಧಿ ನನ್ನದು.

ಮದುವೆಯ ವಾರದ ಸೋಮವಾರ ಅಣ್ಣನಿಗೆ ಉಸಿರು ಕಟ್ಟಿತು. ಜಯನಗರದ ಒಂದು ಆಸ್ಪತ್ರೆಗೆ ಸೇರಿಸಿದೆ. ನಾಲ್ಕು ದಿನದಲ್ಲಿ ಮನೆಗೆ ಹೋಗಬಹುದು ಎಂದರು. ಸಂಜೆ ತಮ್ಮ ಬಂದ, ಅಣ್ಣ ಮೂಗಿಗೆ ಆಮ್ಲಜನಕ ಹಾಕಿಸಿಕೊಂಡು ನಿದ್ದೆ ಮಾಡುತ್ತಿದ್ದ. ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತ. ‘ಎಬ್ಬಿಸ್ಬೇಡ ಅಕ್ಕ. ನನ್ನ ನೋಡಿ ಬಿಪಿ ಏರಿದ್ರೆ?’ ಎಂದು ಹೊರಟುಹೋದ. ಹೋಗುವಾಗ, ಏನಾದರೂ ಆದರೆ ತಕ್ಷಣ ಕರೆ ಎಂದ. ಆಯಿತು ಎಂದೆ.

ಇಲ್ಲಿ ನಮ್ಮವರ ಒಂದು ಕಟ್ಟಳೆಯನ್ನು ಹೇಳಬೇಕು. ಮನೆತನದಲ್ಲಿ ಸಾವಾದರೆ ಅಣ್ಣತಮ್ಮಂದಿರಿಗೆ ಹತ್ತು ದಿನ ಸೂತಕ, ಆ ದಿನಗಳಲ್ಲಿ ಮದುವೆ ಮಾಡುವ ಹಾಗಿಲ್ಲ. ಆದರೆ ಮದುವೆಗೆ ಮುಂಚೆ ನಾಂದಿ ಎಂಬ ಒಂದು ಕರ್ಮವಿದೆ. ಹಿರಿಯರನ್ನು ನೆನೆದು, ಅವರ ಆಶೀರ್ವಾದ ಬೇಡಿ ಮಾಡುವಂಥದ್ದು. ನಾಂದಿ ಆಗಿಬಿಟ್ಟರೆ ಆಮೇಲೆ ಯಾರು ಸತ್ತರೂ ಆ ಮದುವೆಗೆ ಸೂತಕ ತಟ್ಟುವುದಿಲ್ಲ. ಜೊತೆಗೆ, ಸಾವಿನ ಸುದ್ದಿ ಕಿವಿಗೆ ಬೀಳುವವರೆಗೆ ಸೂತಕವಿಲ್ಲ ಎಂಬ ನಂಬಿಕೆಯೂ ಉಂಟು. ಅದಕ್ಕೇ ನಮ್ಮಲ್ಲಿ ಮದುವೆಮನೆಗೆ ಸಾವಿನ ಸುದ್ದಿ ಕೊಡದೆ ತಡೆಯುವುದು ಹೊಸತೇನಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ಗಾದೆಯೇ ಇದೆಯಲ್ಲ. ತಮ್ಮನ ಮನೆಯ ನಾಂದಿ ಗುರುವಾರ ಬೆಳಿಗ್ಗೆ ಛತ್ರದಲ್ಲಿ ಎಂದು ಆಮಂತ್ರಣ ಪತ್ರಿಕೆಯಲ್ಲೇ ಅಚ್ಚಾಗಿತ್ತು.

ಬುಧವಾರ ಮಧ್ಯಾಹ್ನ ಹನ್ನೆರಡಕ್ಕೆ ಡಾಕ್ಟರು ನನ್ನನ್ನು ಹೊರಗೆ ಕರೆದರು. ‘ಹತ್ತಿರದವರನ್ನ ಕರೆಸ್ಕೊಳ್ಳಿ ಮೇಡಂ’ ಎಂದರು. ನಾನು ಒಳಗೆ ಬಂದು ಅಣ್ಣನ ಪಕ್ಕ ಕೂತೆ. ಅವನಿಗೆ ಎಚ್ಚರವಿತ್ತು. ಮುಖದ ಮೇಲಿನ ಮಾಸ್ಕನ್ನು ತಾನೇ ಸರಿಸಿ, ‘ಅವನ್ನ ಕರಿ’ ಎಂದ.

‘ಬರ್ತಾನೆ’ ಎಂದೆ.

‘ಕರಿ.’

ಎದ್ದು ಹೊರಗಿನ ಓಣಿಗೆ ಬಂದೆ. ಫೋನಿನಲ್ಲಿ ತಮ್ಮನ ಹೆಸರು ತೆಗೆದೆ. ಹೆಬ್ಬೆರಳು ಒತ್ತಬೇಕು, ಅಷ್ಟೇ. ಒತ್ತಿದರೆ ಹತ್ತು ನಿಮಿಷದಲ್ಲಿ ಬರುತ್ತಾನೆ. ಬಂದರೆ ಇಲ್ಲೇ ಇರುತ್ತಾನೆ. ಅವನ ಕಣ್ಣೆದುರಿಗೇ ಉಸಿರು ಹೋದರೆ ನಾಳೆಯ ನಾಂದಿ ಇಲ್ಲ, ನಾಡಿದ್ದಿನ ಮುಹೂರ್ತ ಇಲ್ಲ. ಆ ಹುಡುಗಿ ಮತ್ತೆ ಕೋಣೆ ಸೇರುತ್ತಾಳೆ. ಕಾಲ್ಗುಣ ಎಂದು ಆಡುವವರು ಆಡುತ್ತಾರೆ. ಒಂದು ರಾತ್ರಿ ಕಳೆದರೆ ಸಾಕು, ನಾಂದಿ ಆಗಲಿ, ಆಗ ಕರೆಯೋಣ ಎಂದು ಫೋನನ್ನು ಚೀಲಕ್ಕೆ ಹಾಕಿದೆ. ಅಣ್ಣ ಅಷ್ಟು ಗಟ್ಟಿ ಮನುಷ್ಯ, ಒಂದು ರಾತ್ರಿ ತಡೆಯುತ್ತಾನೆ ಎಂದು ನಿಜವಾಗಿಯೂ ನಂಬಿದ್ದೆ.

ಒಳಗೆ ಹೋದಾಗ ಅವನು ಬಾಗಿಲನ್ನೇ ನೋಡುತ್ತಿದ್ದ. ‘ಹೊರಟಿದಾನೆ’ ಎಂದೆ. ಮೂರು ಸಲ ಬಾಗಿಲು ತೆರೆಯಿತು. ಒಂದು ಸಲ ನರ್ಸು, ಒಂದು ಸಲ ಕಸ ಗುಡಿಸುವ ಹೆಂಗಸು, ಮತ್ತೆ ನರ್ಸು. ಮೂರು ಸಲವೂ ಅವನು ತಲೆ ಎತ್ತಿದ. ನಾಲ್ಕು ಗಂಟೆಗೆ ಹೋದ. ಇದನ್ನು ಬರೆಯುವಾಗಲೂ ನನಗೆ ನನ್ನ ಮೇಲೆ ಅಸಹ್ಯವಾಗುತ್ತದೆ.

ಆಸ್ಪತ್ರೆಯವರಿಗೆ, ನೆಂಟರು ಊರಿಂದ ಬರಬೇಕು, ಶುಕ್ರವಾರದವರೆಗೆ ಶವವನ್ನು ಶೀತಾಗಾರದಲ್ಲಿ ಇಟ್ಟುಕೊಳ್ಳಿ ಎಂದೆ. ಸಂಜೆ ತಮ್ಮನಿಗೆ ಮೆಸೇಜು ಹಾಕಿದೆ: ‘ಅಣ್ಣ ಮಲಗಿದ್ದಾನೆ. ನಾಳೆ ನಾಂದಿ ಚೆನ್ನಾಗಿ ಆಗಲಿ.’ ಸ್ವಲ್ಪ ಹೊತ್ತಿನ ಮೇಲೆ ‘ಸರಿ ಅಕ್ಕ’ ಎಂದು ಬಂತು.

ಚಿನ್ ಚಕ್ರವರ್ತಿ ಸತ್ತದ್ದೂ ಅರಮನೆಯಲ್ಲಲ್ಲ. ಸಾವಿಲ್ಲದ ಮೂಲಿಕೆ ಹುಡುಕಿಸುತ್ತಾ, ಸಮುದ್ರಕ್ಕೆ ಹಡಗು ಕಳಿಸುತ್ತಾ ನಾಡು ಸುತ್ತುತ್ತಿದ್ದವನು ದಾರಿಯಲ್ಲೇ ಹೋದ. ಸುದ್ದಿ ಹೊರಬಿದ್ದರೆ ನಾಡು ಎದ್ದೀತೆಂದು ಅವನ ಮಂತ್ರಿಯೂ ಅಂತಃಪುರದ ಅಧಿಕಾರಿಯೊಬ್ಬನೂ ಸಾವನ್ನು ಮುಚ್ಚಿಟ್ಟರು. ಶವವನ್ನು ಮುಚ್ಚಿದ ಗಾಡಿಯಲ್ಲಿ ಕೂರಿಸಿಕೊಂಡು ರಾಜಧಾನಿಯ ಕಡೆ ನಡೆದರು. ಹೊತ್ತುಹೊತ್ತಿಗೆ ಗಾಡಿಗೆ ಊಟ ಹೋಗುತ್ತಿತ್ತು. ಅಧಿಕಾರಿಗಳು ಹೊರಗೆ ನಿಂತು ಅರಿಕೆ ಮಾಡುತ್ತಿದ್ದರು, ಒಳಗೆ ಕೂತವನೊಬ್ಬ ಚಕ್ರವರ್ತಿಯ ಹೆಸರಿನಲ್ಲಿ ಅಪ್ಪಣೆ ಕೊಡುತ್ತಿದ್ದ. ಬೇಸಗೆಯ ಬಿಸಿಲಿಗೆ ನಾತ ಹೊಡೆದಾಗ, ಮೂಗಿಗೆ ಗೊತ್ತಾಗದಿರಲೆಂದು ಉಪ್ಪುಮೀನಿನ ಗಾಡಿಗಳನ್ನು ಜೊತೆಗೆ ಹೂಡಿದರು. ಈ ಪುಟವನ್ನು ನಾನು ಮದುವೆಗೆ ಎರಡು ವಾರ ಮುಂಚೆಯಷ್ಟೇ ನಗುನಗುತ್ತಾ ಬರೆದಿದ್ದೆ. ಮೀನಿನ ಗಾಡಿಯ ಭಾಗವನ್ನು ಅಣ್ಣನಿಗೆ ಅಭಿನಯಿಸಿ ತೋರಿಸಿದ್ದೆ.

ಗುರುವಾರ ನಾನು ಛತ್ರಕ್ಕೆ ಹೋಗಲಿಲ್ಲ. ಆಸ್ಪತ್ರೆಯಲ್ಲಿ ಅಣ್ಣನ ಹತ್ತಿರ ಯಾರಾದರೂ ಇರಬೇಕಲ್ಲ ಎಂದೆ. ನಾದಿನಿ, ಎಂದರೆ ತಮ್ಮನ ಹೆಂಡತಿ, ಎರಡು ಸಲ ಫೋನು ಮಾಡಿದಳು. ‘ಹಾಗೇ ಇದಾನೆ’ ಎಂದೆ ಎರಡು ಸಲವೂ. ನಾಂದಿ ಆಗಿದ್ದರೂ, ಸಾವಿನ ಸುದ್ದಿ ಕೇಳಿ ಬೀಗರು ಹಿಂದೆ ಸರಿದಾರೆಂಬ ಭಯಕ್ಕೆ ತಾಳಿ ಬೀಳುವವರೆಗೆ ಹೇಳಬಾರದೆಂದುಕೊಂಡಿದ್ದೆ. ಮನೆಯ ಬಾಗಿಲು ಹಾಕಿಕೊಂಡು ಇಡೀ ದಿನ ಅಡುಗೆಮನೆಯ ನೆಲದ ಮೇಲೆ ಕೂತಿದ್ದೆ. ಅಳಲೂ ಹೆದರಿಕೆ, ಪಕ್ಕದ ಮನೆಯವರಿಗೆ ಕೇಳೀತೆಂದು.

ಶುಕ್ರವಾರ ರೇಷ್ಮೆ ಸೀರೆ ಉಟ್ಟು ಹೋದೆ. ಹೋಗದಿದ್ದರೆ ಅನುಮಾನ ಬರುತ್ತಿತ್ತು. ಮಾಂಗಲ್ಯಧಾರಣೆಯಾಗುವಾಗ ಎಲ್ಲರ ಜೊತೆ ನಾನೂ ಅಕ್ಷತೆ ಹಾಕಿದೆ, ಸೂತಕದ ಕೈಯಿಂದ. ಹುಡುಗಿ ನಗುತ್ತಿದ್ದಳು. ಅದೊಂದನ್ನು ನೋಡಿ, ನಾನು ಮಾಡಿದ್ದು ಸರಿ ಎಂದು ಒಂದು ಗಳಿಗೆ ಅನ್ನಿಸಿತು. ‘ದೊಡ್ಡೋರು ಹ್ಯಾಂಗದಾರ್ರೀ?’ ಎಂದು ಹುಡುಗನ ತಂದೆ ಕೈಮುಗಿದು ಕೇಳಿದರು. ‘ಹಾಗೇ ಇದಾರೆ’ ಎಂದೆ. ಊಟದ ಮನೆಯಲ್ಲಿ ನಾದಿನಿ ಸ್ಟೀಲಿನ ಕ್ಯಾರಿಯರ್ ತಂದು ಕೈಗಿತ್ತಳು. ಚಿತ್ರಾನ್ನ, ಹೂರಣದ ಹೋಳಿಗೆ, ಮೊಸರನ್ನ. ‘ಭಾವನೋರಿಗೆ ತಿನ್ನಕ್ಕಾಗದಿದ್ರೂ ಪರ್ವಾಗಿಲ್ಲ ಅಕ್ಕ, ಮದುವೆಮನೆದು ಅಂತ ಬಾಯಿಗೆ ಒಂದು ಚೂರು ಇಡಿ’ ಎಂದಳು. ಕ್ಯಾರಿಯರ್ ಬಿಸಿಯಾಗಿತ್ತು. ಗಾಡಿಗೆ ಊಟ ಹೋಗುತ್ತಿತ್ತು ಎಂಬ ನನ್ನದೇ ವಾಕ್ಯ ನೆನಪಾಯಿತು.

ತಮ್ಮನನ್ನು ಕೈತೊಳೆಯುವ ಜಾಗದ ಹಿಂದಕ್ಕೆ ಕರೆದುಕೊಂಡು ಹೋಗಿ ಹೇಳಿದೆ. ಅವನು ಗೋಡೆ ಹಿಡಿದುಕೊಂಡ. ಧಾರೆ ಎರೆದ ಕೈಗೆ ಇನ್ನೂ ಅರಿಸಿನ ಅಂಟಿತ್ತು.

‘ಯಾವಾಗ?’

‘ಬುಧವಾರ. ಸಾಯಂಕಾಲ ನಾಕಕ್ಕೆ.’

‘ನನ್ನ ಯಾಕೆ ಕರೀಲಿಲ್ಲ?’

ಅವನ ಮುಖ ನೋಡಿದೆ. ಆರು ವರ್ಷದವನಾಗಿದ್ದಾಗ ಅಪ್ಪನ ಹೆಣದ ಪಕ್ಕ ನಿಂತಿದ್ದ ಅದೇ ಮುಖ. ನಿಜ ಹೇಳುವ ಧೈರ್ಯ ನನಗೆ ಬರಲಿಲ್ಲ. ‘ಅಣ್ಣನೇ ಬೇಡ ಅಂದ’ ಎಂದೆ. ‘ಅವನ್ನ ಕರೀಬೇಡ, ಮದುವೆ ನಿಲ್ಬಾರ್ದು ಅಂದ. ಅದೇ ಅವನ ಕೊನೇ ಮಾತು.’

ತಮ್ಮ ತಲೆಯಾಡಿಸಿದ. ಒಂದೂ ಪ್ರಶ್ನೆ ಕೇಳಲಿಲ್ಲ. ಅಣ್ಣನ ಮಾತೆಂದರೆ ಅವನು ಎಂದಾದರೂ ಪ್ರಶ್ನೆ ಕೇಳಿದ್ದುಂಟೇ, ಆ ಒಂದು ಸಲ ಬಿಟ್ಟು? ಸಂಜೆ ಬನಶಂಕರಿಯ ಚಿತಾಗಾರದಲ್ಲಿ ಅವನೇ ಎಲ್ಲವನ್ನೂ ಮಾಡಿದ. ಮದುವೆಯ ಪುರೋಹಿತರು, ನಾಂದಿ ಆಗಿತ್ತಲ್ಲ, ಮದುವೆಗೇನೂ ದೋಷವಿಲ್ಲ ಎಂದು ಸಮಾಧಾನ ಹೇಳಿದರು.

ಹದಿಮೂರನೆಯ ದಿನದ ಹೊತ್ತಿಗೆ ನಾನು ಕಟ್ಟಿದ ಮಾತು ನೆಂಟರ ಬಾಯಲ್ಲೆಲ್ಲಾ ಓಡಾಡುತ್ತಿತ್ತು. ಸಾಯುವಾಗಲೂ ಮಗುವಿನ ಮದುವೆಯನ್ನೇ ನೆನೆದ ದೊಡ್ಡ ಜೀವ ಎಂದರು. ‘ಎಂಥಾ ದೊಡ್ಡ ಮನಸ್ಸ್ರೀ ನಿಮ್ಮ ಅಣ್ಣಾರ್ದು’ ಎಂದು ಬೀಗರು ಕಣ್ಣೊರೆಸಿಕೊಂಡರು. ಹುಡುಗಿ ನನ್ನ ತೊಡೆಯ ಮೇಲೆ ತಲೆಯಿಟ್ಟು ಅತ್ತಳು. ಕೇಳುವವರಿಗೆಲ್ಲ ನಾನು ಅದನ್ನೇ ಮತ್ತೆ ಹೇಳಬೇಕಾಯಿತು, ಹೇಳುತ್ತಾ ಹೇಳುತ್ತಾ ಸ್ವಲ್ಪ ಬಣ್ಣವನ್ನೂ ಹಚ್ಚಿದೆ. ತಮ್ಮ ಮಾತ್ರ ಆ ಮಾತು ಬಂದಾಗಲೆಲ್ಲ ಎದ್ದು ಹೊರಗೆ ಹೋಗುತ್ತಿದ್ದ. ದುಃಖ ಹೆಚ್ಚಾಯಿತೆಂದು ಎಲ್ಲರೂ ತಿಳಿದೆವು.

ಪುಸ್ತಕ ನಿಂತುಹೋಯಿತು. ಮೀನಿನ ಗಾಡಿಯ ಮುಂದಿನ ಪ್ರಕರಣವೇ ಸುಳ್ಳು ಅಪ್ಪಣೆಯದು. ಸಾಯುವ ಮುಂಚೆ ಚಕ್ರವರ್ತಿ ದೂರ ಕಳಿಸಿದ್ದ ಹಿರಿಯ ಮಗನಿಗೆ ಪತ್ರ ಬರೆಸಿದ್ದ, ಬಂದು ನನ್ನ ಉತ್ತರಕ್ರಿಯೆ ಮಾಡು ಎಂದು. ಆ ಪತ್ರ ಹೋಗಲೇ ಇಲ್ಲ. ಸಾವನ್ನು ಮುಚ್ಚಿಟ್ಟವರು ಅದನ್ನು ತಡೆದು ಇನ್ನೊಂದು ಬರೆದರು. ನೀನು ಅಪ್ರಯೋಜಕ ಮಗ, ಪ್ರಾಣ ಬಿಡು ಎಂಬುದು ಅದರ ಸಾರ. ಜೊತೆಗಿದ್ದ ಸೇನಾಪತಿ, ಇದು ನಿಜವೋ ಅಲ್ಲವೋ, ಒಂದು ಸಲ ವಿಚಾರಿಸು ಎಂದ. ಅಪ್ಪ ಸಾಯಿ ಎಂದ ಮೇಲೆ ಇನ್ನೇನು ವಿಚಾರಿಸುವುದು ಎಂದು ಮಗ ತನ್ನ ಪ್ರಾಣ ತಾನೇ ತೆಗೆದುಕೊಂಡ. ಕಿರಿಯ ಮಗನನ್ನು ಪಟ್ಟಕ್ಕೆ ಕೂರಿಸಿದರು, ಸಂಚು ಮಾಡಿದವರು ಒಬ್ಬರನ್ನೊಬ್ಬರು ಮುಗಿಸಿದರು, ನಾಲ್ಕು ವರ್ಷದಲ್ಲಿ ವಂಶ ನಿರ್ನಾಮವಾಯಿತು, ಅರಮನೆಗೆ ಬೆಂಕಿ ಬಿತ್ತು. ಬರೆಯಬೇಕಾದದ್ದು ಇಷ್ಟೇ, ಹದಿನೈದು ಪುಟ. ಕೂತಾಗಲೆಲ್ಲ ಕೈ ಏಳುತ್ತಿರಲಿಲ್ಲ. ಪ್ರಕಾಶಕರಿಗೆ ಕಣ್ಣಿನ ತೊಂದರೆ ಎಂದೆ.

ವರ್ಷ ತುಂಬಿತು. ವರ್ಷಾಬ್ದಿಕ ಕತ್ರಿಗುಪ್ಪೆಯ ಮನೆಯಲ್ಲಿ ನಡೆಯಿತು. ಬಂದವರೆಲ್ಲ ಊಟ ಮಾಡಿ ಹೊರಟ ಮೇಲೆ ಮಧ್ಯಾಹ್ನ ಮೂರರ ಹೊತ್ತಿಗೆ ತಮ್ಮನೂ ನಾನೂ ನಡುಮನೆಯಲ್ಲಿ ಕೂತಿದ್ದೆವು. ಅವನು ಒಂದು ವರ್ಷದಲ್ಲಿ ಹತ್ತು ವರ್ಷ ಹೆಚ್ಚು ಮುದುಕನಾಗಿದ್ದ. ನೆಲ ನೋಡುತ್ತಾ ಕೇಳಿದ:

‘ಅಕ್ಕ, ಒಂದು ಕೇಳ್ತೀನಿ. ನಿಜ ಹೇಳು. ಅಣ್ಣಂಗೆ ಕೊನೇವರ್ಗೂ ನನ್ನ ಮೇಲೆ ಕೋಪ ಹೋಗ್ಲಿಲ್ಲ ಅಲ್ವಾ?’

‘ಯಾರು ಹೇಳಿದ್ದು ಹಾಗಂತ?’

‘ಇನ್ನೇನು ಮತ್ತೆ? ಮದುವೆ ನಿಲ್ಬಾರ್ದು ಅನ್ನೋದೆಲ್ಲ ನೆಪ. ನನ್ನ ಮುಖ ನೋಡೋದು ಬೇಡ ಅನ್ನಿಸ್ತು ಅವನಿಗೆ. ಕರೀಬೇಡ ಅಂದ. ಒಂದು ಮಾತು ತಿರುಗಿ ಆಡಿದ್ದಕ್ಕೆ ಇಷ್ಟು ಶಿಕ್ಷೆ ಕೊಟ್ಟು ಹೋದ.’

ಒಂದು ವರ್ಷ ಅವನು ನನ್ನ ಸುಳ್ಳನ್ನು ಹೀಗೆ ಓದಿಕೊಂಡಿದ್ದ. ಸಮಾಧಾನಕ್ಕೆಂದು ನಾನು ಕೊಟ್ಟದ್ದನ್ನು ಅವನು ದಿನಾ ನುಂಗುತ್ತಾ ಕರಗಿದ್ದ. ಇನ್ನು ತಡೆಯುವುದು ನನ್ನಿಂದ ಆಗಲಿಲ್ಲ. ಎಲ್ಲವನ್ನೂ ಹೇಳಿದೆ. ಅಣ್ಣ ಎರಡು ಸಲ ನಿನ್ನನ್ನು ಕರಿ ಎಂದ, ನಾನು ಫೋನು ತೆಗೆದೆ, ಒತ್ತಲಿಲ್ಲ, ಹೊರಟಿದ್ದಾನೆ ಎಂದು ಅವನಿಗೂ ಸುಳ್ಳು ಹೇಳಿದೆ, ನಾಲ್ಕು ಗಂಟೆಯವರೆಗೆ ಬಾಗಿಲು ನೋಡುತ್ತಿದ್ದ ಎಂದೆ.

‘ಯಾಕಕ್ಕ?’

‘ನಾಂದಿ ಆಗಿರ್ಲಿಲ್ವಲ್ಲೋ. ನೀನು ಬಂದು, ನಿನ್ನೆದುರಿಗೆ ಅವನು ಹೋಗಿದ್ರೆ ಮದುವೆ ನಿಂತು ಹೋಗ್ತಿತ್ತು. ಮಗು ಗತಿ ಏನು ಅಂತ. ಗುರುವಾರ ಬೆಳಿಗ್ಗೆ ನಾಂದಿ ಆಗ್ಲಿ, ಆಮೇಲೆ ಕರೆಯೋಣ ಅಂದ್ಕೊಂಡೆ.’

ಅವನು ನನ್ನನ್ನೇ ನೋಡಿದ. ಬೈಯುತ್ತಾನೆ ಎಂದುಕೊಂಡೆ, ಬೈಯಲಿ ಎಂದು ಬೇಡಿಕೊಂಡೆ. ಅವನ ದನಿ ಬಹಳ ಮೆತ್ತಗಿತ್ತು.

‘ನಾಂದಿ ಬುಧವಾರ ಬೆಳಿಗ್ಗೇನೇ ಆಗಿಹೋಗಿತ್ತಕ್ಕ. ಇಲ್ಲೇ, ಮನೇಲಿ.’

ನನಗೆ ಅರ್ಥವಾಗಲಿಲ್ಲ. ಪತ್ರಿಕೆಯಲ್ಲಿ ಗುರುವಾರ ಎಂದಿತ್ತಲ್ಲ ಎಂದೆ.

‘ಸೋಮವಾರ ಅವನ್ನ ನೋಡ್ಕೊಂಡು ಬಂದೋನು ಪುರೋಹಿತರಿಗೆ ಫೋನ್ ಮಾಡ್ದೆ. ಹೆಚ್ಚುಕಮ್ಮಿ ಆದ್ರೆ ಏನು ಗತಿ ಅಂತ ಕೇಳ್ದೆ. ಮುಂಚೇನೇ ಮಾಡ್ಬಿಡಬೋದು, ಶಾಸ್ತ್ರದಲ್ಲಿ ಇದೆ ಅಂದ್ರು. ಬುಧವಾರ ಎಂಟು ಗಂಟೆಗೆ ಬಂದು ಮುಗಿಸ್ಕೊಟ್ರು. ಛತ್ರದಲ್ಲಿ ಬರೀ ದೇವರ ಪೂಜೆ ಮಾಡಿದ್ದು.’

‘ನನಗ್ಯಾಕೋ ಹೇಳ್ಲಿಲ್ಲ?’

‘ಹೇಗೆ ಹೇಳ್ಲಿ? ಅಣ್ಣ ಸಾಯ್ತಾನೆ ಅಂತ ಮುಂಚೇನೇ ನಾಂದಿ ಮಾಡಿಸ್ಕೊಂಡ ಅಂತ ನೀನು ಅಂದ್ಕೋತಿದ್ದೆ. ನಂಗೇ ನಾಚಿಕೆ ಆಯ್ತು. ನೀನು ಸಂಜೆ, ನಾಳೆ ನಾಂದಿ ಚೆನ್ನಾಗಿ ಆಗ್ಲಿ ಅಂತ ಬರ್ದಾಗ ಬಾಯಿಗೆ ಬಂತು. ಆದ್ರೂ ಸರಿ ಅಕ್ಕ ಅಂತ ಅಷ್ಟೇ ಬರ್ದೆ.’

ಅಡುಗೆಮನೆಯಲ್ಲಿ ನಾದಿನಿ ಪಾತ್ರೆ ಜೋಡಿಸುತ್ತಿದ್ದಳು. ತಮ್ಮ ಗೋಡೆಗೆ ಒರಗಿಕೊಂಡು ಕಣ್ಣು ಮುಚ್ಚಿದ.

‘ಮದುವೆ ನಿಲ್ಬಾರ್ದು ಅಂತ ಮಾಡ್ಸಿದ್ದಲ್ಲಕ್ಕ ಅದು. ನೀನು ಕರೆದ್ರೆ ಹಿಂದೆ ಮುಂದೆ ನೋಡ್ದೆ ಬರ್ಬೋದು ಅಂತ ಮಾಡ್ಸಿದ್ದು. ಬುಧವಾರ ಇಡೀ ದಿನ ಶರ್ಟು ಹಾಕ್ಕೊಂಡು, ಫೋನ್ ಕೈಲಿ ಇಟ್ಕೊಂಡು, ಇದೇ ಜಾಗದಲ್ಲಿ ಕೂತಿದ್ದೆ.’